ಪುಮಾನಿ ಅಂದ್ರ ದಮ್ ತಗೊಳ್ರಿ

ಆಫ್ರಿಕ ಅಂದರೆ ಬಿಸಿಲು ಅಂದುಕೊಂಡು ಹೋದವನಿಗೆ ಅಲ್ಲಿ ಮೊದಲು ಎದುರಾದದ್ದು ಧಾರವಾಡದ ಶ್ರಾವಣ. ಚಿಲೇಕಾ ವಿಮಾನ ನಿಲ್ದಾಣದಿಂದ ಹೊರಬಿದ್ದರೆ ಜಿಟಿಜಿಟಿ ಸೋನೆ. ಮಳೆ ಎನ್ನಲೂ ಬಾರದ, ಮಂಜು ಎನ್ನಲೂ ಬಾರದ ಅದೇ ಹಳೆಯ ಪರಿಚಯದ ತೇವ. ಭೂಮಧ್ಯರೇಖೆಯ ಆಚೆಗೆ ಜುಲೈ ಅಂದರೆ ಚಳಿಗಾಲ ಎಂಬುದನ್ನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ಮರೆತು ಅರ್ಧ ತೋಳಿನ ಅಂಗಿಯಲ್ಲಿ ಬಂದಿಳಿದಿದ್ದೆ. ಕರೆದೊಯ್ಯಲು ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿ ತನ್ನ ಸ್ವೆಟರ್ ಬಿಚ್ಚಿ ಕೊಟ್ಟ. "ಈ ಮಳಿಗೆ ಇಲ್ಲೆ ಚಿಪೆರೋನಿ ಅಂತಾರ್ರಿ ಸರ್." ಪಕ್ಕದ ಮೊಜಾಂಬಿಕ್‌ನಲ್ಲಿ ಚಿಪೆರೋನೆ ಎಂಬ ಬೆಟ್ಟವಿದೆ. ಆ ಕಡೆಯಿಂದ ಬರುವ ಸೋನೆಗೆ ಬೆಟ್ಟದ ಹೆಸರೇ ನಿಂತುಬಿಟ್ಟಿದೆ.

ಊರು ಬ್ಲಾಂಟೈರ್, ದೇಶ ಮಲಾವಿ. ಸ್ಕಾಟ್ಲೆಂಡಿನಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಊರಿನ ಹೆಸರನ್ನು ಮಿಶನರಿಗಳು 1876ರಲ್ಲಿ ಇಲ್ಲಿಗೆ ತಂದಿಟ್ಟರು. ಸುತ್ತ ಎನ್ಡಿರಾಂಡೆ, ಸೋಚೆ, ಮಿಚಿರು ಬೆಟ್ಟಗಳು, ಕೆಮ್ಮಣ್ಣು, ದಾರಿ ಬದಿಯಲ್ಲಿ ಬಣ್ಣಬಣ್ಣದ ಚಿಟೆಂಜೆ ಬಟ್ಟೆಯಲ್ಲಿ ಕೂಸನ್ನು ಬೆನ್ನಿಗೆ ಬಿಗಿದು ನಡೆಯುವ ಹೆಂಗಸರು. ದುಡ್ಡು ಬದಲಿಸಿಕೊಂಡಾಗ ಇನ್ನೊಂದು ಸೋಜಿಗ. ಇಲ್ಲಿನ ರೂಪಾಯಿ 'ಕ್ವಾಚ', ಅಂದರೆ ಬೆಳಗಿನ ಜಾವ. ಪೈಸೆ 'ತಂಬಾಲ', ಅಂದರೆ ಹುಂಜ. ನೂರು ಹುಂಜ ಕೂಗಿದರೆ ಒಂದು ಬೆಳಗು! ಲೆಕ್ಕದ ಪುಸ್ತಕಕ್ಕೆ ಇಷ್ಟು ಕವಿತೆ ತುಂಬಿದ ದೇಶವನ್ನು ನಾನು ಬೇರೆ ಕಂಡಿಲ್ಲ.

ಆ ರಾತ್ರಿ ಫೋನು ಚಾರ್ಜಿಗೆ ಹಾಕಹೋದರೆ ನನ್ನ ದುಂಡು ಕಾಲಿನ ಪ್ಲಗ್ಗು ಗೋಡೆಯ ಚಪ್ಪಟೆ ಕಾಲಿನ ಸಾಕೆಟ್ಟಿಗೆ ಕೂರಲೇ ಇಲ್ಲ. ಬ್ರಿಟಿಷರು ಇಲ್ಲಿ ಬಿಟ್ಟುಹೋದದ್ದು ಚೌಕದ ಮೂರು ಕಾಲಿನ ಪ್ಲಗ್ಗು. ಇಲೆಕ್ಟ್ರಾನಿಕ್ಸ್ ಕಲಿಸಿದವನು ಒಂದು ಅಡಾಪ್ಟರ್ ತರಲಿಲ್ಲ ಎಂದು ಶಿಷ್ಯ ನಗದೆ ಇರಲಾರದೆ ನಕ್ಕ. ಮರುದಿನ ಅದೇ ಪ್ಲಗ್ಗು ನನಗೆ ಪಾಠ ಹೇಳಲಿದೆ ಎಂದು ಆಗ ಗೊತ್ತಿರಲಿಲ್ಲ.

ನಾನು ಬಂದದ್ದು 'ಪಾಲಿ' ನೋಡಲು. 1965ರಲ್ಲಿ ಪಾಲಿಟೆಕ್ನಿಕ್ ಆಗಿ ಶುರುವಾದ ಈ ಸಂಸ್ಥೆ 2021ರಲ್ಲಿ ಮಲಾವಿ ಬಿಸಿನೆಸ್ ಮತ್ತು ಅಪ್ಲೈಡ್ ಸೈನ್ಸಸ್ ವಿಶ್ವವಿದ್ಯಾಲಯವಾಯಿತು. ಊರವರ ಬಾಯಲ್ಲಿ ಈಗಲೂ ಪಾಲಿಯೇ. ಅಮೆರಿಕದ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ಟಾಂಜಾನಿಯದ ದಾರ್ ಎಸ್ ಸಲಾಮಿನಿಂದ ಬಂದವರು, ಇಲ್ಲಿನ ಮಲಾವಿಯ ಮಕ್ಕಳು, ಎಲ್ಲ ಒಂದೇ ಕೋಣೆಯಲ್ಲಿ ಕೂತು ಇಲ್ಲಿನ ಆಸ್ಪತ್ರೆಗಳಿಗೆ ಬೇಕಾದ ಸಲಕರಣೆ ಕಟ್ಟುತ್ತಾರೆ ಎಂದು ಶಿಷ್ಯ ಹೇಳುತ್ತಲೇ ಇದ್ದ. (ರೈಸ್ ಅಂದರೆ ಅಕ್ಕಿಯಲ್ಲ, ದುಡ್ಡು ಕೊಟ್ಟ ವಿಲಿಯಂ ಮಾರ್ಶ್ ರೈಸ್ ಎಂಬಾತನ ಹೆಸರು. ನನಗೂ ಇಲ್ಲಿ ಬಂದ ಮೇಲೆಯೇ ತಿಳಿದದ್ದು.)

ಒಳಗೆ ಹೋದೆ. ಉದ್ದನೆಯ ಮೇಜುಗಳು, ಬೆಸುಗೆಯ ಕಡ್ಡಿಯ ಹೊಗೆ, ಕತ್ತರಿಸಿದ ಪ್ಲಾಸ್ಟಿಕ್ ಪೈಪು, ಮೂಲೆಯಲ್ಲಿ ಗುಂಯ್‌ಗುಟ್ಟುವ ತ್ರೀಡಿ ಪ್ರಿಂಟರು. ಸೀಸದ ಬೆಸುಗೆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ಮನೆಗೆ ಬಂದಂತಾಯಿತು. ಆದರೆ ಮೇಜಿನ ಮೇಲೆ ಅಂಗಾತ ಮಲಗಿತ್ತು ಒಂದು ರಬ್ಬರಿನ ಗೊಂಬೆ, ಅಂಗೈಗಿಂತ ತುಸು ದೊಡ್ಡದು. ಮೂಗಿಗೆ ಎರಡು ಪುಟ್ಟ ನಳಿಗೆ. ನಳಿಗೆಯ ಇನ್ನೊಂದು ತುದಿ ಒಂದು ನೀರಿನ ಬಾಟಲಿಯೊಳಗೆ ಮುಳುಗಿತ್ತು. ಮಲಾವಿಯ ಹುಡುಗಿಯೊಬ್ಬಳು ಗುಂಡಿ ಒತ್ತಿದಳು. ಬಾಟಲಿಯಲ್ಲಿ ಗುಳುಗುಳು ಗುಳುಗುಳು ಶುರುವಾಯಿತು.

ನಮ್ಮಜ್ಜನ ಗುಡಗುಡಿ! ನಾನು ಕನ್ನಡದಲ್ಲೇ ಕೂಗಿಬಿಟ್ಟೆ. ಗುಡಗುಡಿ ಎಂದರೇನೆಂದು ಕೈಬಾಯಿ ಮಾಡಿ ತಿಳಿಸಿದ ಮೇಲೆ ಕೋಣೆಯೆಲ್ಲ ನಗು. ಆಮೇಲೆ ಆ ಹುಡುಗಿ ನನ್ನನ್ನು ಕೂರಿಸಿ ವಿವರಿಸಿದಳು. ನಾನು ಕೇಳಿಸಿಕೊಂಡದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ತಿಂಗಳು ತುಂಬದೆ ಹುಟ್ಟಿದ ಕೂಸಿನ ಶ್ವಾಸಕೋಶದೊಳಗೆ ಇರಬೇಕಾದ ಒಂದು ಸಾಬೂನಿನಂಥ ಜಿಡ್ಡು ಇನ್ನೂ ಸಾಕಷ್ಟು ಊರಿರುವುದಿಲ್ಲ. ಆ ಜಿಡ್ಡಿಲ್ಲದಿದ್ದರೆ ಗಾಳಿಯ ಪುಟ್ಟ ಪುಟ್ಟ ಚೀಲಗಳು ಪ್ರತಿ ಸಲ ಉಸಿರು ಬಿಟ್ಟಾಗಲೂ ಒದ್ದೆ ಪ್ಲಾಸ್ಟಿಕ್ ಚೀಲದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಲೂನು ಊದುವಾಗ ಮೊದಲ ಉಸಿರಿಗೇ ಕೆನ್ನೆ ನೋಯುವುದು, ಆಮೇಲೆ ಹಗುರ. ಈ ಕೂಸುಗಳಿಗೆ ಪ್ರತಿ ಉಸಿರೂ ಆ ಮೊದಲ ಉಸಿರೇ. ನಿಮಿಷಕ್ಕೆ ಅರವತ್ತು ಸಲಕ್ಕೂ ಮೀರಿ ಹೊಸ ಬಲೂನು ಊದಿ ಊದಿ, ಕಡೆಗೆ ದಣಿದು ನಿಲ್ಲಿಸಿಬಿಡುತ್ತವೆ.

ಇದಕ್ಕೆ ಮದ್ದು: ಬಲೂನು ಪೂರ್ತಿ ಮುಚ್ಚದಂತೆ ಒಳಗೆ ಸದಾ ಒಂಚೂರು ಗಾಳಿಯ ಒತ್ತಡ ಹಿಡಿದಿಡುವುದು. ಎಷ್ಟು ಒತ್ತಡ? ಅದನ್ನು ಹೇಳುವುದು ಬಾಟಲಿ. ನಳಿಗೆಯ ತುದಿ ನೀರಿನಲ್ಲಿ ಆರು ಸೆಂಟಿಮೀಟರ್ ಮುಳುಗಿದ್ದರೆ ಕೂಸಿನ ಎದೆಯಲ್ಲಿ ಆರು ಸೆಂಟಿಮೀಟರ್ ನೀರಿನಷ್ಟೇ ಒತ್ತಡ. ಹೆಚ್ಚಾದದ್ದು ಗುಳ್ಳೆಯಾಗಿ ಹೊರಗೆ. ಮೀಟರೂ ಅದೇ, ವಾಲ್ವೂ ಅದೇ. ಅಲಾರಮ್ಮೂ ಅದೇ! ಗುಳುಗುಳು ನಿಂತಿತೆಂದರೆ ಎಲ್ಲೋ ಗಾಳಿ ಸೋರುತ್ತಿದೆ, ಮೂಗಿನ ನಳಿಗೆ ಜಾರಿದೆ. ದಾದಿ ಬೆನ್ನು ತಿರುಗಿಸಿ ಕೂತಿದ್ದರೂ ಕಿವಿಗೆ ತಿಳಿಯುತ್ತದೆ. ಮೂವತ್ತು ವರ್ಷ ಸೆನ್ಸರು, ಕಂಪ್ಯಾರೇಟರು ಎಂದು ಬೋರ್ಡಿನ ಮೇಲೆ ಬರೆದ ನಾನು ಬಿಸ್ಲೇರಿಯ ಬಾಟಲಿಯಂಥ ಆ ವಸ್ತುವಿನ ಮುಂದೆ ಬಾಯಿ ಬಿಟ್ಟುಕೊಂಡು ಕೂತೆ. ಹುಡುಗಿ ಹೊಸದೊಂದು ಕೊಳವೆ ಕೊಟ್ಟು ನನ್ನ ಕೈಯಲ್ಲೂ ಊದಿಸಿದಳು. ಆರು ಸೆಂಟಿಮೀಟರ್ ಆಳಕ್ಕೆ ಊದುವುದು ಒಂದು ಸಲಕ್ಕೆ ಆಟ. ಇಪ್ಪತ್ತನೆಯದಕ್ಕೆ ತಲೆ ತಿರುಗಿತು.

ಇದು ಬಡವರ ಕಾಯಿಲೆಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗು ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ಇದೇ ತೊಂದರೆಯಿಂದ 39 ಗಂಟೆಗಳಲ್ಲಿ ತೀರಿಕೊಂಡಿತು. ಜಗತ್ತಿನ ಅತಿ ಬಲಿಷ್ಠ ಮನುಷ್ಯನ ಕೈಯಲ್ಲಿ ಆ ಹೊತ್ತಿಗೆ ಒಂದು ನೀರಿನ ಬಾಟಲಿ ಇರಲಿಲ್ಲ. ಒತ್ತಡ ಹಿಡಿದಿಡುವ ಈ ಉಪಾಯವನ್ನು ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಎಂಬ ವೈದ್ಯ ಪ್ರಕಟಿಸಿದ್ದು 1971ರಲ್ಲಿ. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಬಲುಬೇಗ ಅದು ನಿತ್ಯದ ಮಾತಾಯಿತು. ಮಲಾವಿಯಲ್ಲಿ ಆಗಲಿಲ್ಲ. 2010ರ ಲೆಕ್ಕದ ಪ್ರಕಾರ ಇಲ್ಲಿ ನೂರಕ್ಕೆ ಹದಿನೆಂಟು ಮಕ್ಕಳು ತಿಂಗಳು ತುಂಬದೆ ಹುಟ್ಟುತ್ತಿದ್ದವು. ಇಡೀ ಜಗತ್ತಿನಲ್ಲೇ ಅತಿ ಹೆಚ್ಚು. ಆಗ ಮಾರುಕಟ್ಟೆಯಲ್ಲಿದ್ದ ಯಂತ್ರದ ಬೆಲೆ 6000 ಡಾಲರಿನ ಆಸುಪಾಸು.

ಹ್ಯೂಸ್ಟನ್ನಿನ ರೈಸ್‌ನಲ್ಲಿ ಕೊನೆಯ ವರ್ಷದ ಎಂಜಿನಿಯರಿಂಗ್ ಹುಡುಗರ ಒಂದು ತಂಡಕ್ಕೆ 2010ರ ಸುಮಾರಿಗೆ ಪ್ರಾಜೆಕ್ಟ್ ಆಗಿ ಸಿಕ್ಕಿದ್ದು ಇದೇ: ಅದೇ ಕೆಲಸ, ಚೂರು ಬೆಲೆಯಲ್ಲಿ ಆಗಬೇಕು. ಗಾಳಿ ಊದುವುದಕ್ಕೆ ಅವರು ಹುಡುಕಿದ್ದೇನು ಗೊತ್ತೇ? ಮೀನಿನ ತೊಟ್ಟಿಗೆ ಗಾಳಿ ಬಿಡುತ್ತಾರಲ್ಲ, ಆ ಅಕ್ವೇರಿಯಂ ಪಂಪು. ಅದನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದರು. ತಂಡದಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಪದವಿ ಮುಗಿದ ಮೇಲೂ ಅದನ್ನು ಬಿಡದೆ ಬ್ಲಾಂಟೈರಿಗೇ ಬಂದು, ಪಾಲಿಗೆ ಹತ್ತಿರದಲ್ಲೇ ಇರುವ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಯಲ್ಲಿ ಅದನ್ನು ಪರೀಕ್ಷೆಗೆ ಹಚ್ಚುವ ಕೆಲಸದಲ್ಲಿ ನಿಂತಳು. ಫಲಿತಾಂಶ 2014ರಲ್ಲಿ ಅಚ್ಚಾಯಿತು. ಬರೀ ಆಮ್ಲಜನಕ ಕೊಟ್ಟಾಗ ನೂರರಲ್ಲಿ 44 ಕೂಸುಗಳು ಉಳಿದಿದ್ದವು. ಗುಳುಗುಳು ಯಂತ್ರ ಹಚ್ಚಿದಾಗ 71. ಸಣ್ಣ ಅಧ್ಯಯನ ಹೌದು. ಆದರೂ ನಡುವಿನ ಆ ಇಪ್ಪತ್ತೇಳನ್ನು ನಾನು ಬೆರಳಿನಲ್ಲಿ ಎಣಿಸಿ ನೋಡಿದೆ. ನನ್ನ ಒಂದು ಕ್ಲಾಸಿನ ಅರ್ಧದಷ್ಟು ಬೆಂಚುಗಳು ತುಂಬುತ್ತಿದ್ದವು. ಯಂತ್ರ ಆಮೇಲೆ ಮಲಾವಿಯ ಜಿಲ್ಲಾ ಆಸ್ಪತ್ರೆಗಳಿಗೂ ಹೋಯಿತು.

ಅದಕ್ಕಿಟ್ಟ ಹೆಸರು ಪುಮಾನಿ.

"ಹಂಗಂದ್ರೇನವ್ವಾ?" ಎಂದು ಶಿಷ್ಯನ ಮೂಲಕ ಕೇಳಿಸಿದೆ. ಹುಡುಗಿ ತುಸು ಯೋಚಿಸಿದಳು. ಇಲ್ಲಿನ ಚಿಚೇವ ಭಾಷೆಯಲ್ಲಿ 'ಕುಪುಮ' ಅಂದರೆ ಉಸಿರಾಡುವುದು. ವಿಶ್ರಾಂತಿ ತೆಗೆದುಕೊಳ್ಳುವುದು ಅಂತಲೂ ಆಗುತ್ತದೆ. ಎರಡಕ್ಕೂ ಒಂದೇ ಮಾತು. ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತಿಳಿಯದು ಎಂದಳು. ಇಂಗ್ಲಿಷಿನ ಮನೆ ಹಾಳಾಗಲಿ, ನಮ್ಮಲ್ಲಿ ಇದೆಯಲ್ಲ ತಾಯಿ! ಧಾರವಾಡದ ಓಣಿಯಲ್ಲಿ ಓಡಿ ಬಂದವನಿಗೆ ಅಜ್ಜಿ ಏನೆನ್ನುತ್ತಿದ್ದಳು? "ದಮ್ ತಗೋ." ಉಸಿರೆಳೆದುಕೋ ಎಂದೂ ಆಯಿತು, ತುಸು ಸುಧಾರಿಸಿಕೋ ಎಂದೂ ಆಯಿತು. ಏಳೆಂಟು ಸಾವಿರ ಮೈಲಿ ಬಂದರೂ ಅಜ್ಜಿ ಬೆನ್ನು ಬಿಡಲಿಲ್ಲ ಎನ್ನಲೋ, ಸಾಗರದ ಎರಡು ದಡದ ಅಜ್ಜಿಯರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಮಾತು ಹೊಲಿದುಕೊಂಡರು ಎನ್ನಲೋ. ಮೈಲಿಯ ಲೆಕ್ಕ ಉತ್ಪ್ರೇಕ್ಷೆ ಎಂದು ಶಿಷ್ಯ ಆಮೇಲೆ ತಿದ್ದಿದ. ಅದಿರಲಿ.

ಕ್ವೀನ್ ಎಲಿಜಬೆತ್ ಆಸ್ಪತ್ರೆಯವರೆಗೆ ಹೋದರೂ ಕೂಸುಗಳ ವಾರ್ಡಿನ ಒಳಗೆ ನಾನು ಹೋಗಲಿಲ್ಲ. ಹೋಗಬೇಕೆನ್ನಿಸಲೂ ಇಲ್ಲ, ಪ್ರವಾಸಿಗನಿಗೆ ಅಲ್ಲಿ ಏನು ಕೆಲಸ? ಆದರೆ ಆಸ್ಪತ್ರೆಯ ಅಂಗಳದಲ್ಲಿ ತುಸು ಹೊತ್ತು ನಿಂತೆ. ಒಗೆದ ಚಿಟೆಂಜೆಗಳನ್ನು ಹುಲ್ಲಿನ ಮೇಲೆ ಹರವಿ ಬಾಣಂತಿಯರು, ಅಜ್ಜಿಯರು ಮಂಕು ಬಿಸಿಲಿಗೆ ಕೂತಿದ್ದರು. ಬಾಗಿಲೊಂದು ತೆರೆದು ಮುಚ್ಚಿತು. ಆ ಒಂದು ಗಳಿಗೆಯಲ್ಲಿ ಒಳಗಿನಿಂದ ಕೇಳಿತೋ, ಕೇಳಿದಂತಾಯಿತೋ: ಅನ್ನದ ಪಾತ್ರೆಗಳು ಒಟ್ಟಿಗೆ ಕುದಿಯುವಂಥ ಸದ್ದು.

ಪಾಲಿಯ ಆ ಕೋಣೆಯಲ್ಲಿ ಇನ್ನೊಂದು ವಸ್ತು ನನ್ನ ಕಣ್ಣು ಹಿಡಿದಿತ್ತು. ಮರದ ಪೆಟ್ಟಿಗೆ. ಬಡಗಿ ಕೆಲಸ, ಹೊಳಪಿಲ್ಲ, ಗಿಲೀಟಿಲ್ಲ. ಮೇಲಿನ ಅಂತಸ್ತಿನಲ್ಲಿ ಕೂಸು ಮಲಗುತ್ತದೆ. ಕೆಳಗೆ ಬಲ್ಬುಗಳು ಉರಿಯುತ್ತವೆ. ಅವುಗಳ ಶಾಖವೇ ಕೂಸಿಗೆ ಕಾವು. 'ಹಾಟ್ ಕಾಟ್' ಎನ್ನುತ್ತಾರೆ, ಬಿಸಿ ತೊಟ್ಟಿಲು. ಇದು ಯಾವ ವಿದೇಶಿ ವಿದ್ಯಾರ್ಥಿಯ ಬುದ್ಧಿಯೂ ಅಲ್ಲ. ಇಲ್ಲಿನ ಆಸ್ಪತ್ರೆಗಳವರು ಮೊದಲಿನಿಂದ ಬಡಗಿಯಿಂದ ಮಾಡಿಸಿಕೊಂಡು ನಡೆಸಿದ್ದು. ಕೋಳಿಮರಿಗೆ ಬಲ್ಬು ಹಚ್ಚುವುದನ್ನು ಕಂಡ ನಮಗೆ ಇದು ತಟ್ಟನೆ ತಿಳಿಯುತ್ತದೆ. ಮೂವರ ತಂಡ ಅದರ ಸುತ್ತ ಕೂತಿತ್ತು, ಹ್ಯೂಸ್ಟನ್ನಿನ ಒಬ್ಬ, ದಾರ್ ಎಸ್ ಸಲಾಮಿನವನೊಬ್ಬ, ಇಲ್ಲಿನ ಹುಡುಗಿಯೊಬ್ಬಳು. ಕಾವು ಹೆಚ್ಚಾದರೆ ತಾನೇ ಬಲ್ಬು ಆರಿ, ಕಡಿಮೆಯಾದರೆ ತಾನೇ ಹೊತ್ತಿಕೊಳ್ಳುವಂತೆ ಮಾಡುವುದು ಅವರ ಕೆಲಸ. ಹ್ಯೂಸ್ಟನ್ನಿನ ಹುಡುಗ ಡಿಸ್ಪ್ಲೇಯಲ್ಲಿ ಕಾವಿನ ಗ್ರಾಫು ಬರಿಸಿದ್ದ. ಚೆಂದವಿತ್ತು. ಮಲಾವಿಯ ಹುಡುಗಿ ಕೇಳಿದಳು: "ರಾತ್ರಿ ಪಾಳಿಯಲ್ಲಿ ಒಬ್ಬಳೇ ದಾದಿ, ಇಷ್ಟೊಂದು ಕೂಸು. ಗ್ರಾಫು ಓದುವವರು ಯಾರು?" ಅರ್ಧ ತಾಸು ವಾದ ನಡೆಯಿತು. ಕಡೆಗೆ ಗ್ರಾಫು ಹೋಯಿತು. ಮೂರು ದೀಪ ಉಳಿದವು: ನೀಲಿ, ಹಸಿರು, ಕೆಂಪು. ತಣ್ಣಗಿದೆ, ಸರಿಯಿದೆ, ಬಿಸಿಯಾಗಿದೆ.

ಅಲ್ಲಿ ನಾನೂ ಬಾಯಿ ಹಾಕಿದೆ. ಮೇಷ್ಟ್ರ ಚಟ. "ಎಲ್ಲ ಕಡೆ ಎಲ್‌ಇಡಿ ಬಂದು ಹಳೆಯ ತಂತಿ ಬಲ್ಬು ಮಾಯವಾದರೆ ಏನು ಮಾಡುತ್ತೀರಿ? ಎಲ್‌ಇಡಿಗೆ ಬೆಳಕುಂಟು, ಕಾವಿಲ್ಲ." ಜಗತ್ತೆಲ್ಲ ಯಾವುದನ್ನು ದಂಡ ಎಂದು ಎಸೆಯುತ್ತಿದೆಯೋ ಆ ಶಾಖವೇ ಈ ಪೆಟ್ಟಿಗೆಯ ಜೀವ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟಾಂಜಾನಿಯದವನು ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡ. ಆ ದಿನ ನಾನು ದೊಡ್ಡ ವಿಜ್ಞಾನಿಯಂತೆ ಎದೆ ಉಬ್ಬಿಸಿಕೊಂಡು ಹೊರಬಂದೆ.

ಉಬ್ಬಿದ ಎದೆ ಸಂಜೆಗೇ ಇಳಿಯಿತು. ಮಾತಿಗೆ ಮಾತು ಬಂದು ನನ್ನ ಪ್ಲಗ್ಗಿನ ಕಥೆ ಹೇಳಿ ನಗಿಸಹೋದೆ. ಯಾರೂ ಹೆಚ್ಚು ನಗಲಿಲ್ಲ. ಅವರ ನಿತ್ಯದ ಗೋಳು ಅದೇ ಅಂತೆ. ಅಮೆರಿಕದಿಂದ ದಾನ ಬಂದ ಯಂತ್ರ 110 ವೋಲ್ಟಿನದು, ಇಲ್ಲಿನ ಗೋಡೆಯಲ್ಲಿ 230. ಪ್ಲಗ್ಗು ಕೂರದು, ಕೂರಿಸಿದರೆ ಸುಡುತ್ತದೆ. ಫಿಲ್ಟರು ಧೂಳಿಗೆ ಕಟ್ಟುತ್ತದೆ, ಬಿಡಿಭಾಗ ಸಿಗದು. ಬಡ ದೇಶಗಳ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಸಲಕರಣೆ ಕೆಟ್ಟು ಕೂತಿರುತ್ತವೆ ಎಂದು 2011ರಲ್ಲಿ ಒಂದು ಸಮೀಕ್ಷೆ ಲೆಕ್ಕ ಹಾಕಿತ್ತು. ಕೊಟ್ಟವರಿಗೆ ಪುಣ್ಯ, ಇಟ್ಟುಕೊಂಡವರಿಗೆ ಜಾಗದ ಖರ್ಚು. ನಮ್ಮಲ್ಲಿ ಗೊಡ್ಡು ಆಕಳನ್ನು ದಾನ ಕೊಡುವವರ ಬಗ್ಗೆ ಉಪನಿಷತ್ತಿನಲ್ಲೇ ನಚಿಕೇತ ಕೇಳಿದ್ದ. ಇನ್ನೂ ಉತ್ತರ ಸಿಕ್ಕಿಲ್ಲ.

ನಿಜ ಹೇಳುತ್ತೇನೆ, ಈ ಹೊರದೇಶದ ವಿದ್ಯಾರ್ಥಿಗಳ ಬಗ್ಗೆಯೂ ನನಗೆ ಅನುಮಾನವೇ ಇತ್ತು. ಬೇಸಗೆ ರಜೆಗೆ ಎರಡು ತಿಂಗಳು ಬಂದು, ಕೂಸಿನ ಜೊತೆ ಫೋಟೋ ಹೊಡೆಸಿಕೊಂಡು, ಬಯೋಡೇಟಾದಲ್ಲಿ ಒಂದು ಸಾಲು ಸೇರಿಸಿಕೊಂಡು ಹೋಗುವವರು ಇರಲಾರರೇ? ಇರುತ್ತಾರೆ. ಅವರ ಮಾದರಿಗಳು ಕಪಾಟಿನಲ್ಲಿ ಜೇಡ ಸಾಕುತ್ತಿರುತ್ತವೆ. ಪಾಲಿಯ ಮೇಷ್ಟ್ರೊಬ್ಬರು ಅದನ್ನು ಒಪ್ಪಿಕೊಂಡರು. ಹತ್ತರಲ್ಲಿ ಒಂದು ಉಳಿದರೆ ಹೆಚ್ಚು ಎಂದರು. ಆದರೆ ಉಳಿದೊಂಬತ್ತು ಕಟ್ಟುವಾಗ ಕೈ ಸುಟ್ಟುಕೊಂಡ ಹುಡುಗ ಇಲ್ಲಿಯೇ ಇರುತ್ತಾನಲ್ಲ, ಮುಂದಿನ ಯಂತ್ರ ಕೆಟ್ಟಾಗ ಬಿಚ್ಚುವವನು ಅವನೇ ಎಂದೂ ಸೇರಿಸಿದರು.

ಅನುಮಾನ ಪಡುವ ಯೋಗ್ಯತೆ ನನಗಿತ್ತೇ ಎಂಬುದು ಬೇರೆ ಪ್ರಶ್ನೆ. ನಾನು ಪಾಠ ಮಾಡುತ್ತಿದ್ದ ಕಾಲಕ್ಕೆ ಕೊನೆಯ ವರ್ಷದ ಪ್ರಾಜೆಕ್ಟು ಅಂಗಡಿಯಲ್ಲಿ ಸಿಗುತ್ತಿತ್ತು, ವರದಿ ಸಮೇತ, ಬೈಂಡಿಂಗ್ ಸಮೇತ. ಮಣ್ಣಿನ ತೇವ ನೋಡಿ ನೀರು ಬಿಡುವ ಒಂದೇ ಮಾದರಿ ಮೂರು ವರ್ಷ ಮೂರು ಬಣ್ಣ ಬಳಿದುಕೊಂಡು ನನ್ನೆದುರು ಬಂತು. ಯಾವ ಹೊಲಕ್ಕೂ ಅದು ಹೋಗಿರಲಿಲ್ಲ. ಯಾವ ರೈತನೂ ಅದನ್ನು ಕೇಳಿರಲಿಲ್ಲ. ಮೂರಕ್ಕೂ ಸಹಿ ಹಾಕಿದವನು ನಾನೇ. ನೀಲಿ, ಹಸಿರು, ಕೆಂಪು ದೀಪಗಳ ವಾದ ಕೇಳುತ್ತ ಕೂತಿದ್ದಾಗ ನನಗೆ ಹೊಟ್ಟೆಕಿಚ್ಚಾದದ್ದು ಅವರ ಪ್ರಿಂಟರು ಕಂಡಲ್ಲ. ಅವರ ಪ್ರಶ್ನೆಗೆ ಒಬ್ಬ ಒಡತಿ ಇದ್ದಳು, ರಾತ್ರಿ ಪಾಳಿಯ ದಾದಿ.

ನಮ್ಮ ಕಡೆ ಈ ದಾರಿ ಸುಳಿದೇ ಇಲ್ಲವೆಂದಲ್ಲ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೆಲವು ವಿದ್ಯಾರ್ಥಿಗಳಿಗೆ ಒಂದು ಕ್ಲಾಸಿನಲ್ಲಿ ಅಗ್ಗದ ಇನ್‌ಕ್ಯುಬೇಟರ್ ಮಾಡಿ ಎಂದು ಹೇಳಿದ್ದರು. ಅವರಲ್ಲೊಬ್ಬ ನೇಪಾಳಕ್ಕೆ ಹೋಗಿ ನೋಡಿದರೆ ನಗರದ ಆಸ್ಪತ್ರೆಯಲ್ಲಿ ದಾನದ ಇನ್‌ಕ್ಯುಬೇಟರುಗಳು ಖಾಲಿ ನಿಂತಿದ್ದವು. ಕೂಸುಗಳು ಹುಟ್ಟುವುದು ಬೆಟ್ಟದ ಹಳ್ಳಿಗಳಲ್ಲಿ, ಅಲ್ಲಿಂದ ಇಳಿದು ಬರುವಷ್ಟರಲ್ಲಿ ತಣ್ಣಗಾಗುತ್ತಿದ್ದವು. ಇನ್‌ಕ್ಯುಬೇಟರ್ ಬಿಟ್ಟು ಅವರು ಹೊಲಿದದ್ದು ಒಂದು ಪುಟ್ಟ ಮಲಗುವ ಚೀಲ. ಅದರಲ್ಲಿ ಮೇಣದಂಥ ವಸ್ತುವಿನ ಒಂದು ಪೊಟ್ಟಣ. ಕಾಯಿಸಿ ಕರಗಿಸಿಟ್ಟರೆ ಗಟ್ಟಿಯಾಗುತ್ತ ಆಗುತ್ತ ಗಂಟೆಗಟ್ಟಲೆ ಮೈಯ ಕಾವಿನಷ್ಟೇ ಬಿಸಿ ಬಿಡುತ್ತದೆ. 'ಎಂಬ್ರೇಸ್' ಎಂದು ಹೆಸರಾದ ಆ ಚೀಲವನ್ನು ಪಕ್ವ ಮಾಡಲು ಅವರು ಬಂದು ಕೂತದ್ದು ನಮ್ಮ ಬೆಂಗಳೂರಿನಲ್ಲಿ. ನಾನು ಬಣ್ಣ ಬಳಿದ ಮಾದರಿಗೆ ಸಹಿ ಹಾಕುತ್ತಿದ್ದ ಕಾಲವೂ ಹೆಚ್ಚು ಕಡಿಮೆ ಅದೇ.

ಒಂದು ಸಂಜೆ ಎಲ್ಲರೂ ಸೇರಿ ಊಟಕ್ಕೆ ಕೂತೆವು. ಎನ್ಸಿಮ ಎಂದರೆ ಮೆಕ್ಕೆಜೋಳದ ಬಿಳಿ ಮುದ್ದೆ. ರಾಗಿ ಸೀಮೆಯವರಿಗೆ ಒಂದೇ ತುತ್ತಿಗೆ ನೆಂಟಸ್ತಿಕೆ ಬೆಳೆಯುವಂಥದ್ದು. ರೊಟ್ಟಿಯ ನಾಡಿನ ನನಗೆ ಎರಡು ತುತ್ತು ಬೇಕಾಯಿತು. ಪಕ್ಕಕ್ಕೆ ಶೇಂಗಾ ಪುಡಿ ಹಾಕಿ ಬೇಯಿಸಿದ ಕುಂಬಳದ ಸೊಪ್ಪು. ಶೇಂಗಾ ಪುಡಿ! ನಾನು ಇನ್ನೊಮ್ಮೆ ಹಾಕಿಸಿಕೊಂಡೆ, ಮತ್ತೊಮ್ಮೆಯೂ. ಹ್ಯೂಸ್ಟನ್ನಿನ ಹುಡುಗ ಕೈಯಲ್ಲಿ ಉಣ್ಣಲು ಒದ್ದಾಡುತ್ತಿದ್ದ. "ಪಂಗೊನೊ ಪಂಗೊನೊ," ಎಂದರು ಉಳಿದವರು, ನಿಧಾನ, ತುಸು ತುಸು. ಅಷ್ಟರಲ್ಲಿ ಕರೆಂಟು ಹೋಯಿತು. ಯಾರೂ 'ಅಯ್ಯೋ' ಎನ್ನಲಿಲ್ಲ. ಫೋನಿನ ದೀಪಗಳು ಹೊತ್ತಿದವು, ಮಾತು ನಿಲ್ಲಲಿಲ್ಲ. ಕತ್ತಲಲ್ಲಿ ನನಗೆ ಮಾತ್ರ ಆ ಬಾಟಲಿಯ ಚಿಂತೆ. ಅಲ್ಲಿ ಈಗ ಗುಳುಗುಳು ನಿಂತಿದೆಯೇ? ಆಸ್ಪತ್ರೆಗೆ ಜನರೇಟರ್ ಇದೆ, ಊಟ ಮಾಡಿ ಎಂದರು. ಮಲಾವಿಯ ವಿದ್ಯುತ್ತಿನ ಬಹುಪಾಲು ಬರುವುದು ಶಿರೆ ಎಂಬ ಒಂದೇ ನದಿಯಿಂದ. 2022ರ ಜನವರಿಯಲ್ಲಿ ಅನಾ ಚಂಡಮಾರುತದ ಪ್ರವಾಹ ಆ ನದಿಯ ಕಪಿಚಿರಾ ಅಣೆಕಟ್ಟೆಯನ್ನೇ ಮುರಿದುಹಾಕಿತ್ತು. ಕತ್ತಲೆಯ ಲೆಕ್ಕ ಇಟ್ಟುಕೊಂಡೇ ಇಲ್ಲಿ ಯಂತ್ರ ಕಟ್ಟಬೇಕು.

ಆ ಶಿರೆ ಹುಟ್ಟುವುದು ಮಲಾವಿ ಸರೋವರದಿಂದ. ಹೊರಡುವ ಮುನ್ನ ಶಿಷ್ಯ ನನ್ನನ್ನು ಅಲ್ಲಿಗೆ ಕರೆದೊಯ್ದ, ಕೇಪ್ ಮೆಕ್ಲಿಯರಿಗೆ. 580 ಕಿಲೋಮೀಟರ್ ಉದ್ದದ ನೀರು. ಎದುರು ದಡವೇ ಕಾಣದು. ಕೆರೆ ಎನ್ನಲು ಬಾಯಿ ಬರಲಿಲ್ಲ. ದೋಣಿಯವನು ಒಂದು ಬಂಡೆಯ ದಂಡೆಗೆ ಕರೆತಂದು ಬಗ್ಗಿ ನೋಡಲು ಹೇಳಿದ. ಬಗ್ಗಿದೆ. ಗಾಜಿನಂಥ ನೀರಿನ ಕೆಳಗೆ ನೀಲಿ, ಅರಿಶಿನ, ನೇರಳೆ ಮೀನುಗಳು, ಇಳಕಲ್ ಸೀರೆಯ ಅಂಗಡಿಯಲ್ಲಿ ಗಂಟು ಬಿಚ್ಚಿ ಹರವಿದಂತೆ. ಎಂಬುನ ಎನ್ನುತ್ತಾರೆ. ಜಗತ್ತಿನ ಬೇರಾವ ಸರೋವರದಲ್ಲೂ ಇಷ್ಟು ಜಾತಿಯ ಮೀನಿಲ್ಲ, ಮತ್ತು ಅವುಗಳಲ್ಲಿ ಬಹುಪಾಲು ಇಲ್ಲಿ ಬಿಟ್ಟರೆ ಎಲ್ಲೂ ಹುಟ್ಟುವುದಿಲ್ಲ. ಆದರೂ ಎಲ್ಲೋ ನೋಡಿದ್ದೇನಲ್ಲ ಎನ್ನಿಸುತ್ತಿತ್ತು. ನೋಡಿದ್ದೆ, ಹುಬ್ಬಳ್ಳಿಯ ದಂತವೈದ್ಯರ ಕೋಣೆಯಲ್ಲಿ, ಗಾಜಿನ ತೊಟ್ಟಿಯೊಳಗೆ. ಲೋಕದ ಅಕ್ವೇರಿಯಂಗಳಿಗೆಲ್ಲ ಈ ಮೀನುಗಳ ವಂಶ ಹೋಗಿದೆ, ಹ್ಯೂಸ್ಟನ್ನಿಗೂ ಹೋಗಿರದೆ ಇದ್ದೀತೇ. ಆ ತೊಟ್ಟಿಗಳಿಗೆ ಗಾಳಿ ಊದಲು ಮಾಡಿದ ಪಂಪೇ ಡಬ್ಬಿಯಲ್ಲಿ ಕೂತು ಮಲಾವಿಗೆ ಬಂತು. ಅದು ತಿರುಗುವುದು ಶಿರೆಯ ನೀರಿನಿಂದ. ಶಿರೆಗೆ ನೀರು ಈ ಮೀನುಗಳ ಮನೆಯಿಂದ.

ಈ ಸುತ್ತನ್ನು ಶಿಷ್ಯನಿಗೆ ಹೇಳಿಬಿಡಬೇಕೆಂದು ಅವಸರದಲ್ಲಿ ದೋಣಿಯಿಂದ ಬಂಡೆಗೆ ಜಿಗಿದೆ. ಅರವತ್ತೆಂಟರ ಮೊಣಕಾಲು. ಮೇಲೆ ಹತ್ತುವಷ್ಟರಲ್ಲಿ ಏದುಸಿರು ಬಂದು ಎದೆ ಹಿಡಿದುಕೊಂಡು ನಿಂತೆ, ಮಾತು ಹೊರಡಲಿಲ್ಲ. ದೋಣಿಯವನು ಗಾಬರಿಯಿಂದ ನನ್ನ ತೋಳು ಹಿಡಿದ. ಬಂಡೆಯ ನೆರಳಿನ ಕಡೆ ಕೈ ಮಾಡಿ, ನಮ್ಮಜ್ಜಿಯ ದನಿಯಲ್ಲೇ ಅಂದ:

"ಪುಮಾನಿ, ಬಾಂಬೊ. ಪುಮಾನಿ."